ಕಪ್ಪು ಗಾಜಿನ ಮೇಲೆ ಎರಡು ನಿಮಿಷ

ಮೂವತ್ತೊಂದು ವರ್ಷ ನಾನು ಜನರ ರಕ್ತ ಹೀರಿ ಬದುಕಿದೆ. ಇದು ನನ್ನ ಗಂಡ ಮಾಡುವ ತಮಾಷೆ. ಸೊಳ್ಳೆಗೂ ನಿನಗೂ ಇರುವ ವ್ಯತ್ಯಾಸ ಇಷ್ಟೇ ಗಿರಿಜಾ, ನೀನು ಕೊನೆಗೆ ಹತ್ತಿ ಒತ್ತಿ ಕಳಿಸುತ್ತೀಯ ಎನ್ನುತ್ತಾರೆ. ನಗಲಿ ಬಿಡಿ. ತುಮಕೂರು ರಸ್ತೆಯಲ್ಲಿ, ಪೀಣ್ಯ ಮುಗಿಯುವ ಕಡೆ ಇರುವ ಒಂದು ಆಸ್ಪತ್ರೆಯಲ್ಲಿ ನಾನು ಲ್ಯಾಬ್ ಟೆಕ್ನಿಷಿಯನ್ ಆಗಿದ್ದೆ. ಮನೆ ಜಾಲಹಳ್ಳಿಯಲ್ಲಿ. ನಿವೃತ್ತಳಾಗಿ ಎರಡು ವರ್ಷವಾಯಿತು. ಈಗಲೂ ಬೆಳಿಗ್ಗೆ ಆರಕ್ಕೆ ಎದ್ದು ಟಿಫಿನ್ ಡಬ್ಬಿ ತೊಳೆದಿಟ್ಟುಬಿಡುತ್ತೇನೆ, ಆಮೇಲೆ ನೆನಪಾಗುತ್ತದೆ.

ಹೊಸದಾಗಿ ಈ ಕೆಲಸಕ್ಕೆ ಬರುವವರಿಗಾಗಿ ನಾಲ್ಕು ಮಾತು ಬರೆದುಕೊಡಿ ಎಂದು ಲ್ಯಾಬಿನವರು ಕೇಳಿದ್ದಾರೆ. ಸೂಜಿ ಹಿಡಿಯುವುದನ್ನು ನಿಮ್ಮ ಕಾಲೇಜಿನಲ್ಲಿ ಹೇಳಿಕೊಡುತ್ತಾರೆ, ಅದು ನನ್ನಿಂದ ಬೇಡ. ನನಗೆ ಯಾವಾಗ ಯಾವ ಹುದ್ದೆ ಸಿಕ್ಕಿತು ಎನ್ನುವುದು ಯಾರಿಗೂ ಬೇಡ. ಒಂದು ಚೀಟಿಯಲ್ಲಿ ಒಂದೇ ಒಂದು ಪದ ಬರೆದು ನಾನು ಒಬ್ಬ ಮನುಷ್ಯನನ್ನು ಹೆಚ್ಚುಕಡಿಮೆ ಸಾಯಿಸಿಬಿಟ್ಟಿದ್ದೆ. ಅದನ್ನು ಹೇಳುತ್ತೇನೆ. ಹೇಳುವಾಗ ತಿಮ್ಮಪ್ಪ ಸಾರ್ ಬಗ್ಗೆಯೂ ಹೇಳಬೇಕಾಗುತ್ತದೆ. ನಿಜ ಹೇಳಿಬಿಡುತ್ತೇನೆ, ಅವರನ್ನು ಕೂತು ನೆನೆಯಲು ಒಂದು ನೆಪ ಸಿಕ್ಕಿತೆಂದೇ ನಾನು ಬರೆಯಲು ಒಪ್ಪಿಕೊಂಡದ್ದು.

ಪೀಣ್ಯದ ಕೈಗಳನ್ನು ನೀವು ನೋಡಬೇಕು. ವರ್ಷಗಟ್ಟಲೆ ಮೆಷೀನಿನ ಎಣ್ಣೆಯಲ್ಲಿ ನೆಂದು ಚರ್ಮ ದಪ್ಪವಾಗಿರುತ್ತದೆ, ನರ ಕೈಗೆ ಸಿಗುವುದಿಲ್ಲ. ಸ್ಪಿರಿಟ್ ಹಾಕಿ ಉಜ್ಜಿದರೆ ಹತ್ತಿ ಕಪ್ಪಾಗುತ್ತಿತ್ತು. ಮೂರನೇ ಸಲಕ್ಕೆ ಕೈ ಕಾಣುತ್ತಿತ್ತು. ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದು ಹೇಳಿ ಕಳಿಸಿದರೆ, ಗೇಟಿನ ಪಕ್ಕದ ಅಂಗಡಿಯಲ್ಲಿ ಹೊಟ್ಟೆ ಭರ್ತಿ ಮಾಡಿಕೊಂಡೇ ಒಳಗೆ ಬರುವರು.

"ಏನೂ ತಿಂದಿಲ್ಲ ತಾನೇ?"

"ಇಲ್ಲ ಮೇಡಂ. ಬರೀ ಟೀ, ಎರಡು ಬನ್ನು."

ಬೈದು ಓಡಿಸುತ್ತಿದ್ದೆ. ಮಾರನೇ ದಿನ ಅದೇ ಮುಖ ಹಲ್ಲು ಕಿರಿದುಕೊಂಡು ಬಂದು, "ಇವತ್ತು ಬನ್ ಬಿಟ್ಬಿಟ್ಟೆ ಮೇಡಂ" ಎನ್ನುವುದು. ಟೀ ಬಿಟ್ಟೆಯೇನಪ್ಪ ಎಂದು ಕೇಳಿದರೆ ಬಾಗಿಲ ಕಡೆ ಜಾರುವುದು. ಮಾದನಾಯಕನಹಳ್ಳಿಯ ಗೌಡರೊಬ್ಬರು ಬರುತ್ತಿದ್ದರು, ಮೂರು ಗೋದಾಮುಗಳ ಒಡೆಯ, ಸೂಜಿ ಕಂಡರೆ ಮಗು. "ಅವ್ವಾ, ಇಂಗೆ ದಿನಾ ತಕ್ಕಂಡ್ರೆ ಮೈನಾಗೆ ರಗುತ ಏನವ್ವಾ ಉಳೀತದೆ?" ಎಂದು ಕಣ್ಣು ಮುಚ್ಚಿಕೊಂಡು ಕೈ ಚಾಚುತ್ತಿದ್ದರು. ಇವರನ್ನೆಲ್ಲ ಬೈದು ಬೈದೇ ನನಗೆ ಅಭ್ಯಾಸ. ಈಗ ಬೈಯಲು ಮನೆಯಲ್ಲಿ ಒಬ್ಬರೇ ಇದ್ದಾರೆ, ಅವರು ಕಿವಿಗೇ ಹಾಕಿಕೊಳ್ಳುವುದಿಲ್ಲ.

ನಮ್ಮಲ್ಲಿ ಹೃದಯದ ವಾರ್ಡು ಶುರುವಾದ ಮೇಲೆ ಕೆಲಸದ ಸ್ವರೂಪವೇ ಬದಲಾಯಿತು. ಮುಚ್ಚಿಹೋದ ರಕ್ತನಾಳದೊಳಗೆ ಬಲೂನು ಉಬ್ಬಿಸಿ, ಅದು ಮತ್ತೆ ಮುಚ್ಚದ ಹಾಗೆ ಸ್ಟೆಂಟ್ ಎಂಬ ಸಣ್ಣ ಜಾಲರಿ ಕೂರಿಸುತ್ತಾರಲ್ಲ, ಆಗ ನಾಳದ ಗೋಡೆಗೆ ಒಳಗಿನಿಂದ ಗಾಯವಾಗುತ್ತದೆ. ಗಾಯವಾದರೆ ಮೈ ಸುಮ್ಮನಿರುತ್ತದೆಯೇ? ಉರಿಯೂತ ಏಳುತ್ತದೆ. ಅದರ ಸುಳಿವು ರಕ್ತದಲ್ಲಿ ಸಿಗುತ್ತದೆ. ಸಿಆರ್‌ಪಿ ಎಂಬ ವಸ್ತುವನ್ನು ಯಕೃತ್ತು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಸ್ಟೆಂಟ್ ಹಾಕಿದ ಎರಡನೇ ದಿನದ ಹೊತ್ತಿಗೆ ಅದು ಏರಿ, ಆಮೇಲೆ ನಿಧಾನವಾಗಿ ಇಳಿಯಬೇಕು. ಇಳಿಯದೆ ಏರುತ್ತಲೇ ಹೋದರೆ ಮೈಯಲ್ಲಿ ಬೇರೇನೋ ಕೆಟ್ಟಿದೆ ಎಂದರ್ಥ. ನಮ್ಮ ಹೃದಯದ ಡಾಕ್ಟರಿಗೆ ಈ ಪರೀಕ್ಷೆಯ ಮೇಲೆ ಬಹಳ ಆಸ್ಥೆ. ಸ್ಟೆಂಟಿಗೆ ಮೊದಲು ಒಂದು, ಎರಡನೇ ದಿನ ಒಂದು, ತಿಂಗಳ ಮೇಲೆ ಒಂದು, ನಡುವೆ ಅನುಮಾನ ಬಂದರೆ ಇನ್ನೊಂದು. ತಪ್ಪಿದರೆ ಫೈಲು ಹಾರಿ ಬರುತ್ತಿತ್ತು.

ಆಗ ಈ ಪರೀಕ್ಷೆಗೆ ಯಂತ್ರವಿರಲಿಲ್ಲ. ಒಂದು ಕಪ್ಪು ಗಾಜಿನ ಹಲಗೆ ಇತ್ತು, ಅಂಗೈಯಷ್ಟು ಅಗಲ, ಅದರ ಮೇಲೆ ಆರು ಗುಂಡು ಗುರುತು. ರಕ್ತ ಹೆಪ್ಪುಗಟ್ಟಿದ ಮೇಲೆ ನಿಲ್ಲುವ ತಿಳಿಗೆ ಸೀರಂ ಎನ್ನುತ್ತೇವೆ. ಅದರದೊಂದು ಹನಿ, ಹಾಲಿನಂತಿರುವ ಒಂದು ದ್ರವದ ಹನಿ, ಎರಡನ್ನೂ ಆ ಗುರುತಿನೊಳಗೆ ಕಡ್ಡಿಯಿಂದ ಕಲಸಿ, ಗಾಜನ್ನು ದೀಪದ ಕೆಳಗೆ ಹಿಡಿದು ಎರಡು ನಿಮಿಷ ಮೆಲ್ಲಗೆ ತೂಗಬೇಕು. ಉರಿಯೂತವಿದ್ದರೆ ಹಾಲು ಒಡೆದ ಹಾಗೆ ಸಣ್ಣ ಸಣ್ಣ ಗಂಟು ಕಟ್ಟುತ್ತದೆ. ಇಲ್ಲದಿದ್ದರೆ ಹಾಗೇ ನಯವಾಗಿರುತ್ತದೆ. ಗಂಟು ಕಂಡರೆ ಸೀರಂಗೆ ಉಪ್ಪುನೀರು, ಅಂದರೆ ಸಲೈನ್, ಬೆರೆಸಿ ಎರಡು ಪಟ್ಟು, ನಾಲ್ಕು ಪಟ್ಟು, ಎಂಟು ಪಟ್ಟು ತೆಳುಮಾಡುತ್ತಾ ಹೋಗುವುದು. ಎಷ್ಟನೇ ಪಟ್ಟಿನವರೆಗೆ ಗಂಟು ಕಾಣುತ್ತದೋ ಉರಿ ಅಷ್ಟು ಜೋರು. ನಯವಾಗಿದ್ದರೆ "ನೆಗೆಟಿವ್" ಎಂದು ಬರೆದು ಮುಗಿಸುವುದು.

ಎಲ್ಲ ಕಡೆ ಹಾಗೆ ಮುಗಿಸುತ್ತಿದ್ದರು. ನಮ್ಮ ತಿಮ್ಮಪ್ಪ ಸಾರ್ ಮುಗಿಸಲು ಬಿಡುತ್ತಿರಲಿಲ್ಲ.

ಅವರು ನಮ್ಮ ಲ್ಯಾಬಿನ ಹಿರಿಯರು. ತೆಳ್ಳನೆಯ ಆಳು, ದಪ್ಪ ಕನ್ನಡಕ, ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್. ನಮಗೆಲ್ಲ ಒಂದೊಂದು ರಫ್ ಬುಕ್ ಕೊಟ್ಟಿದ್ದರು. ರೋಗಿಯ ಹೆಸರಿಲ್ಲ, ಟ್ಯೂಬಿನ ನಂಬರ್ ಮತ್ತು ಕಣ್ಣಿಗೆ ಕಂಡದ್ದು, ಅಷ್ಟೇ ಬರೆಯಬೇಕು. ಮಧ್ಯಾಹ್ನ ಊಟಕ್ಕೆ ಮೊದಲು ಅವರು ಬಂದು, ನಾನು ನೆಗೆಟಿವ್ ಎಂದು ಬರೆದ ಟ್ಯೂಬುಗಳನ್ನೇ ಹುಡುಕಿ ತೆಗೆದು, ನೀರು ಹಾಕಿ ತೆಳುಮಾಡಿ, ಮತ್ತೆ ಗಾಜು ತೂಗುತ್ತಿದ್ದರು. ಸರಿಯಾಗಿದ್ದರೆ ನನ್ನ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಒಂದು ಚುಕ್ಕೆ. ಬರೆದವರೇ ಚುಕ್ಕೆ ಇಡುವಂತಿಲ್ಲ, ಇನ್ನೊಬ್ಬರೇ ನೋಡಿ ಇಡಬೇಕು ಎನ್ನುವುದು ಅವರ ಕಾನೂನು. ಅವರ ಬುಕ್ಕಿಗೆ ನನ್ನಿಂದ ಚುಕ್ಕೆ ಇಡಿಸುತ್ತಿದ್ದರು. ನಾನು ನೋಡದೆಯೇ ಇಟ್ಟುಬಿಡುತ್ತಿದ್ದೆ. ಇದನ್ನು ಇವತ್ತಿನವರೆಗೂ ಯಾರಿಗೂ ಹೇಳಿರಲಿಲ್ಲ.

ನನಗೆ ಆ ಚುಕ್ಕೆಗಳನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಹತ್ತು ವರ್ಷದ ಅನುಭವದ ಮೇಲೂ ನನ್ನ ಬೆನ್ನ ಹಿಂದೆ ಪರೀಕ್ಷೆ! ಮುಖ ಊದಿಸಿಕೊಂಡು ಊಟಕ್ಕೆ ಹೋಗುತ್ತಿದ್ದೆ. ಒಂದು ದಿನ ತಡೆಯಲಾರದೆ ಎಲ್ಲರೆದುರಿಗೆ ಕೇಳಿಯೇಬಿಟ್ಟೆ.

"ಸಾರ್, ನನ್ ಮೇಲೆ ನಂಬಿಕೆ ಇಲ್ಲ ಅಂದ್ರೆ ಎಲ್ಲಾ ನೀವೇ ಮಾಡ್ಕೊಳಿ. ನಾನ್ ಯಾಕೆ ಇಲ್ಲಿ?"

ಅವರು ಗಾಜು ತೂಗುವುದನ್ನು ನಿಲ್ಲಿಸಲಿಲ್ಲ. "ನಿನ್ ಮೇಲೆ ನಂಬಿಕೆ ಇದೆ ಕಣಮ್ಮ. ಈ ಗಾಜಿನ ಮೇಲೆ ಇಲ್ಲ" ಎಂದರು. ನಾಲ್ಕು ದಿನ ನಾನು ಅವರ ಹತ್ತಿರ ಮಾತಾಡಲಿಲ್ಲ. ಅಷ್ಟರಲ್ಲಿ ಅವರು ಅಕ್ಕನ ಮನೆಯ ಗೃಹಪ್ರವೇಶವೆಂದು ರಜೆ ಹಾಕಿ ತಿಪಟೂರಿಗೆ ಹೋದರು.

ಆ ವಾರವೇ ಬಸಪ್ಪ ಬಂದದ್ದು. ಗದಗದ ಕಡೆಯವನು, ಪೀಣ್ಯ ಎರಡನೇ ಹಂತದ ಒಂದು ಶೆಡ್ಡಿನಲ್ಲಿ ಕಬ್ಬಿಣ ಕಡೆಯುವ ಲೇತ್ ಮೆಷೀನು ನಡೆಸುತ್ತಿದ್ದ, ನೆಲಗದರನಹಳ್ಳಿಯಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ ಹೆಂಡತಿ ಗೌರವ್ವನ ಜೊತೆ ಇದ್ದ. ನನಗಿಂತ ಎರಡು ವರ್ಷ ಚಿಕ್ಕವನು. ಕೆಲಸದ ನಡುವೆ ಎದೆ ಹಿಡಿದುಕೊಂಡು ಕುಸಿದವನಿಗೆ ಅಂದೇ ಸ್ಟೆಂಟ್ ಹಾಕಿದ್ದರು. ಆಗೆಲ್ಲ ತೊಡೆಯ ಸಂದಿಯಿಂದ ತಂತಿ ತೂರಿಸಿ ಹೃದಯ ಮುಟ್ಟುತ್ತಿದ್ದರು. ಎರಡನೇ ದಿನ ರಕ್ತ ತೆಗೆಯಲು ಹೋದರೆ ಅವನೇ ನನ್ನನ್ನು ವಿಚಾರಿಸತೊಡಗಿದ.

"ಅಕ್ಕಾರ, ನನ್ನ ಎದಿಯಾಗ ಹಾಕ್ಯಾರಲ್ರೀ ಆ ಸ್ಟೀಲು, ಯಾವ ಗ್ರೇಡ್ ಐತ್ರಿ? ಮುನ್ನೂರಾ ನಾಕೋ, ಮುನ್ನೂರಾ ಹದಿನಾರೋ?"

"ನಿನ್ನ ಡಾಕ್ಟರನ್ನ ಕೇಳಪ್ಪ. ತುಕ್ಕು ಹಿಡಿಯಲ್ಲ, ಹೆದರ್ಬೇಡ."

ಎರಡನೇ ದಿನ ಉರಿಯೂತ ಏರುವುದು ಸಹಜ, ಅದಕ್ಕೇ ಈ ಪರೀಕ್ಷೆ ಎಂದು ವಿವರಿಸಿದೆ. ಅವನು ನಕ್ಕ. "ಗೊತ್ತಾತ್ರಿ. ಹೊಸಾ ಬೇರಿಂಗ್ ಹಾಕಿದ್ರ ಎರಡು ದಿನ ಬಿಸಿ ಆಗ್ತೈತಿ, ಆಮ್ಯಾಲೆ ಕುಂದರ್ತೈತಿ." ಇಷ್ಟು ಚೆನ್ನಾಗಿ ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ. ಆ ದಿನದ ಸೀರಂನಲ್ಲಿ ನಾಲ್ಕು ಪಟ್ಟಿನವರೆಗೆ ಗಂಟು ಬಂತು. ಬರೆದುಕೊಂಡೆ.

ಮೂರನೇ ದಿನ ಬೆಳಿಗ್ಗೆ ಅವನಿಗೆ ಸ್ವಲ್ಪ ಮೈ ಬೆಚ್ಚಗಿತ್ತು, ತೊಡೆಯ ಸಂದಿ ಕೊಂಚ ಕೆಂಪಾಗಿತ್ತು. ಇನ್ನೊಂದು ಸಿಆರ್‌ಪಿ ಮಾಡಿ, ಅದನ್ನು ನೋಡಿ ಮನೆಗೆ ಕಳಿಸುತ್ತೇನೆ ಎಂದರು ಡಾಕ್ಟರು. ಟ್ಯೂಬ್ ಬಂತು. ಕಲಸಿದೆ, ಎರಡು ನಿಮಿಷ ತೂಗಿದೆ. ನಯವಾಗಿತ್ತು, ಒಂದು ಗಂಟಿಲ್ಲ. ಸಲೈನ್ ಬಾಟಲಿ ಕೈಯಳತೆಯಲ್ಲೇ ಇತ್ತು. ಅದನ್ನು ನೋಡಿದೆ. ಇವತ್ತು ನನ್ನ ಪುಸ್ತಕಕ್ಕೆ ಚುಕ್ಕೆ ಇಡುವವರು ಯಾರೂ ಇಲ್ಲ ಎಂದು ಮನಸ್ಸಿಗೆ ಎಂಥದೋ ಖುಷಿಯಾಯಿತು. ಬಾಟಲಿ ಮುಟ್ಟಲಿಲ್ಲ. ನೆಗೆಟಿವ್ ಎಂದು ಬರೆದು ಚೀಟಿ ಕಳಿಸಿದೆ. ಮಧ್ಯಾಹ್ನ ಬಸಪ್ಪ ಮನೆಗೆ ಹೋದ, ಹೋಗುವಾಗ ಲ್ಯಾಬಿನ ಬಾಗಿಲಿಗೆ ಬಂದು ಕೈ ಮುಗಿದು ಹೋದ.

ಎರಡು ದಿನ ಕಳೆದು ಗೌರವ್ವ ಅವನನ್ನು ಆಟೋದಲ್ಲಿ ಹಾಕಿಕೊಂಡು ಬಂದಳು. ಹಲ್ಲು ಕಟಕಟ ಎನ್ನುವಷ್ಟು ನಡುಕ, ಮಾತು ತೊದಲುತ್ತಿತ್ತು. ತೊಡೆಯ ಸಂದಿಯಲ್ಲಿ ಕೀವಾಗಿ ನಂಜು ರಕ್ತಕ್ಕೆ ಹೋಗಿತ್ತು. ಉಳಿಯುವುದು ಕಷ್ಟ ಎಂದು ಐಸಿಯುನಲ್ಲಿ ಮಾತಾಡಿಕೊಂಡರು.

ಅಂದೇ ತಿಮ್ಮಪ್ಪ ಸಾರ್ ರಜೆ ಮುಗಿಸಿ ಬಂದಿದ್ದರು. ವಿಷಯ ತಿಳಿದು ನನ್ನ ರಫ್ ಬುಕ್ ತೆಗೆದು ಓದಿದರು. ಉಳಿದ ಸೀರಂ ಅನ್ನು ಒಂದು ವಾರ ಫ್ರಿಜ್ಜಿನಲ್ಲಿಡುವುದು ನಮ್ಮ ಪದ್ಧತಿ. ಆ ಟ್ಯೂಬನ್ನು ಹುಡುಕಿ, ಕಪ್ಪು ಗಾಜಿನ ಜೊತೆ ನನ್ನ ಮುಂದಿಟ್ಟರು.

"ನೀರ್ ಹಾಕಿ ನೋಡಮ್ಮ."

ಹಾಕಿದೆ. ಹತ್ತು ಪಟ್ಟು ತೆಳುಮಾಡಿ ತೂಗಲು ಹಿಡಿದೆ. ಅರ್ಧ ನಿಮಿಷವೂ ಆಗಿರಲಿಲ್ಲ, ಗಾಜಿನ ಮೇಲೆಲ್ಲ ಗಂಟು ಗಂಟು. ಗಾಜು ಮೇಜಿನ ಮೇಲಿಟ್ಟೆ.

"ಹಿಂದಿನ ದಿನ ಗಂಟು, ಮಾರನೇ ದಿನ ನಯ. ಉರಿ ಒಂದೇ ದಿನಕ್ಕೆ ಹೆಂಗಮ್ಮ ಪೂರ್ತಿ ಆರುತ್ತೆ?" ಎಂದರು. ದನಿ ಏರಿಸಲಿಲ್ಲ. "ಆ ಹಾಲಿನ ಕಣಗಳು ಗಂಟು ಕಟ್ಟೋದು ಒಂದರ ಕೈ ಒಂದು ಹಿಡಿದಾಗ. ಹಿಡಿಯೋಕೆ ಕೈ ಖಾಲಿ ಇರ್ಬೇಕಲ್ಲ. ಉರಿಯೂತ ವಿಪರೀತ ಆದಾಗ ಎಲ್ಲದರ ಕೈಯೂ ತುಂಬೋಗಿರುತ್ತೆ, ಯಾರೂ ಯಾರನ್ನೂ ಹಿಡಿಯಲ್ಲ. ನೋಡೋಕೆ ಏನೂ ಇಲ್ಲದ ಹಾಗೇ ಕಾಣುತ್ತೆ. ನೀರ್ ಹಾಕಿ ತೆಳು ಮಾಡಿದ್ರೆ ಕೈ ಖಾಲಿಯಾಗಿ ಗಂಟು ಕಟ್ಟುತ್ತೆ."

ಇದು ನನಗೆ ಗೊತ್ತಿಲ್ಲದ್ದೇನಲ್ಲ. ಕಾಲೇಜಿನ ಪರೀಕ್ಷೆಯಲ್ಲಿ ಬರೆದು ಅಂಕ ಗಿಟ್ಟಿಸಿದ್ದೆ. ಕಣ್ಣೆದುರು ಬಂದಾಗ ಮಾತ್ರ ಗುರುತು ಸಿಗಲಿಲ್ಲ, ಏಕೆಂದರೆ ನನಗೆ ಅದಕ್ಕಿಂತ ಹಟ ಮುಖ್ಯವಾಗಿತ್ತು. ಅಳು ಬಂತು. ಅವರು ಕರವಸ್ತ್ರ ಕೊಟ್ಟು ಕೇಳಿದರು, "ಡಾಕ್ಟ್ರಿಗೆ ನಾನ್ ಹೇಳ್ಲಾ, ನೀನೇ ಹೇಳ್ತೀಯಾ?"

ನಾನೇ ಹೋದೆ. ಫೈಲು ಹಾರುತ್ತದೆ ಎಂದುಕೊಂಡಿದ್ದೆ. ಡಾಕ್ಟರು ಫೈಲು ಮುಚ್ಚಿಟ್ಟು, "ನಾನೂ ಆ ಕಾಲು ನೋಡಿದ್ದೆ ಗಿರಿಜಾ. ನಿಮ್ಮ ಚೀಟಿ ಬಂತು ಅಂತ ಕಣ್ಣು ಮುಚ್ಕೊಂಡೆ" ಎಂದರು. ಆಮೇಲೆ, "ಆತನ ಹೆಂಡ್ತಿಗೂ ಹೇಳ್ಬೇಕಲ್ಲ" ಎಂದು ನನ್ನ ಜೊತೆ ಅವರೂ ಎದ್ದು ಬಂದರು.

ಐಸಿಯು ಹೊರಗಿನ ಬೆಂಚಿನ ಮೇಲೆ ಗೌರವ್ವ ಕೂತಿದ್ದಳು. ನಿಂತುಕೊಂಡೇ ಹೇಳಿದೆ. ತಪ್ಪು ನನ್ನದು, ನೀರು ಹಾಕಿ ಇನ್ನೊಂದು ಸಲ ನೋಡಬೇಕಿತ್ತು, ನೋಡಲಿಲ್ಲ. ಅವಳು ಕೂಗಾಡಿದ್ದರೆ ಒಳ್ಳೆಯದಿತ್ತು. ನನ್ನ ಬಿಳಿ ಕೋಟನ್ನು ಮೇಲಿನಿಂದ ಕೆಳಗೆ ನೋಡಿ, "ಓದಿದಾಕಿ ಅದೀರಲ್ರೀ ನೀವು" ಎಂದಳು. ಅಷ್ಟೇ. ಮುಖ ತಿರುಗಿಸಿಕೊಂಡಳು.

ಕೀವು ತೆಗೆದರು, ಔಷಧ ಬದಲಾಯಿಸಿದರು. ದಿನಾ ಬೆಳಿಗ್ಗೆ ನಾನೇ ಹೋಗಿ ರಕ್ತ ತೆಗೆಯುತ್ತಿದ್ದೆ. ಗೌರವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಲ್ಯಾಬಿನಲ್ಲಿ ನಾನು ತೂಗುವುದು, ಪಕ್ಕದಲ್ಲೇ ತಿಮ್ಮಪ್ಪ ಸಾರ್ ಮತ್ತೆ ತೂಗುವುದು. ಒಂದೇ ದೀಪದ ಕೆಳಗೆ ಎರಡು ತಲೆ. ಮೊದಲ ದಿನ ನೂರ ಇಪ್ಪತ್ತೆಂಟು ಪಟ್ಟು ತೆಳುಮಾಡಿದರೂ ಗಂಟು. ಚುಕ್ಕೆ. ಮಾರನೇ ದಿನವೂ ಅಷ್ಟೇ. ಮೂರನೇ ದಿನ ಅರವತ್ತನಾಲ್ಕಕ್ಕೆ ಬಂತು. ಆಮೇಲೆ ಮೂವತ್ತೆರಡು, ಹದಿನಾರು. ಐದನೇ ದಿನ ಬಸಪ್ಪ ಕಣ್ಣು ಬಿಟ್ಟು, "ಅಕ್ಕಾರ, ಬೇರಿಂಗ್ ಭಾಳ ಬಿಸಿ ಆತ್ರಿ" ಎಂದ. ನಾನು ಬಾತ್ರೂಮಿಗೆ ಹೋಗಿ ಅತ್ತು ಬಂದೆ.

ಹನ್ನೊಂದನೇ ದಿನ ಗಾಜು ನಯವಾಯಿತು. ನೀರು ಹಾಕಿದರೂ ನಯ, ಇನ್ನೂ ಹಾಕಿದರೂ ನಯ. ಸಾರ್ ಎರಡು ಸಲ ನೋಡಿ ಚುಕ್ಕೆ ಇಟ್ಟರು. ನಾನು ಮೇಲಿನ ವಾರ್ಡಿಗೆ ಓಡಿ ಗೌರವ್ವನಿಗೆ ಹೇಳಿದೆ. ಅವಳು ಅನುಮಾನದಿಂದ ನನ್ನನ್ನೇ ನೋಡಿದಳು.

"ನೀರ ಹಾಕಿ ನೋಡೀರೇನ್ರಿ?"

"ನೋಡಿದೀನಿ ಗೌರವ್ವ. ಇಬ್ರೂ ನೋಡಿದೀವಿ."

ಅವಳು ಒಳಗೆ ಹೋಗಿ ಬಟ್ಟೆಯಲ್ಲಿ ಸುತ್ತಿದ್ದ ಎರಡು ಕಟಕ್ ರೊಟ್ಟಿ, ಶೇಂಗಾ ಚಟ್ನಿ ತಂದು ನನ್ನ ಕೈಗೆ ಕೊಟ್ಟಳು. ಅವತ್ತು ಮಧ್ಯಾಹ್ನ ನಾನೂ ಸಾರೂ ಅದನ್ನೇ ಹಂಚಿಕೊಂಡು ತಿಂದೆವು. ಅವರ ಹಲ್ಲಿಗೆ ಆ ರೊಟ್ಟಿ ಬಗ್ಗಲಿಲ್ಲ, ಮಜ್ಜಿಗೆಯಲ್ಲಿ ನೆನೆಸಿಕೊಂಡು ತಿಂದರು. ಆಮೇಲೆ ಅವರ ಬುಕ್ಕಿಗೆ ನೋಡದೆ ಚುಕ್ಕೆ ಇಟ್ಟದ್ದಿಲ್ಲ, ನನ್ನ ಬುಕ್ಕಿನ ಚುಕ್ಕೆಗೆ ಮುಖ ಊದಿಸಿಕೊಂಡದ್ದೂ ಇಲ್ಲ. ಊಟಕ್ಕೆ ಮುಂಚಿನ ಆ ಅರ್ಧ ಗಂಟೆ, ಇಬ್ಬರೂ ಪಕ್ಕಪಕ್ಕ ಗಾಜು ತೂಗುತ್ತಾ ನಿಲ್ಲುವುದು, ನನ್ನ ನೌಕರಿಯಲ್ಲಿ ಅದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದಿರಲಿಲ್ಲ. ಇರುವಾಗ ಗೊತ್ತಾಗಲಿಲ್ಲ.

ಸಾರ್ ನಿವೃತ್ತರಾಗಿ ಬಾಗಲಗುಂಟೆಯ ಮನೆಯಲ್ಲಿ ಉಳಿದರು. ಹೋಗುವ ದಿನ ಪೆನ್ಸಿಲನ್ನು ನನ್ನ ರಫ್ ಬುಕ್ಕಿನೊಳಗಿಟ್ಟು ಹೋದರು. ಲ್ಯಾಬಿಗೆ ಯಂತ್ರ ಬಂತು. ಟ್ಯೂಬ್ ಇಟ್ಟರೆ ಸಾಕು, ಅದೇ ಅಳೆಯುತ್ತದೆ, ಹೆಚ್ಚಾದರೆ ಅದೇ ನೀರು ಹಾಕಿ ಮತ್ತೆ ನೋಡುತ್ತದೆ, ದಶಾಂಶದವರೆಗೆ ಅಂಕಿ ಕೊಡುತ್ತದೆ. ಒಳ್ಳೆಯದೇ ಆಯಿತು, ನನ್ನಂಥ ಹಟಮಾರಿಗಳಿಂದ ಯಾರೂ ಸಾಯುವುದಿಲ್ಲ. ಸ್ಟೆಂಟನ್ನೂ ಈಗ ಹೆಚ್ಚಾಗಿ ಮುಂಗೈಯಿಂದಲೇ ಹಾಕುತ್ತಾರೆ. ಯಂತ್ರ ಕೆಟ್ಟ ದಿನಕ್ಕೆಂದು ಹಾಲಿನಂಥ ಆ ದ್ರವದ ಹಳೇ ಬಗೆಯ ಕಿಟ್ ಒಂದನ್ನು ತರಿಸಿಡುತ್ತಿದ್ದರು, ಕಪ್ಪು ಗಾಜು ನನ್ನ ಡ್ರಾಯರಿನಲ್ಲಿತ್ತು. ಬಸಪ್ಪ ವರ್ಷಕ್ಕೊಮ್ಮೆ ತಪಾಸಣೆಗೆ ಬಂದಾಗ ನನ್ನ ಕೈಯಲ್ಲೇ ಚುಚ್ಚಿಸಿಕೊಳ್ಳುತ್ತಿದ್ದ, "ನೀರ ಹಾಕಿ ನೋಡ್ರಿ ಅಕ್ಕಾರ" ಎಂದು ಕಾಡುತ್ತಿದ್ದ. ಆ ಮಾತು ಕೇಳಿದಾಗಲೆಲ್ಲ ಸಾರ್ ನೆನಪಾಗುತ್ತಿದ್ದರು.

ಕೊನೆಗೆ ಒಂದು ದಿನ ಸಾರ್ ಅವರೇ ರೋಗಿಯಾಗಿ ಬಂದರು. ಎದೆನೋವು, ಒಂದು ಸ್ಟೆಂಟ್. ಎರಡನೇ ದಿನದ ರಕ್ತ ನಾನೇ ತೆಗೆದೆ. ನರ ಸಿಕ್ಕ ಮೇಲೂ ಇನ್ನೊಂದು ಸಲ ಮುಟ್ಟಿ ನೋಡಿಯೇ ಚುಚ್ಚಿದೆ. ಯಂತ್ರ ಅಂಕಿ ಕೊಟ್ಟಿತು, ಎರಡನೇ ದಿನಕ್ಕೆ ಇರಬೇಕಾದಷ್ಟೇ. ಹೋಗಿ ಹೇಳಿದೆ. ಅವರು ದಿಂಬಿಗೆ ಒರಗಿ, ಕನ್ನಡಕ ಸರಿಮಾಡಿಕೊಂಡು ಕೇಳಿದರು.

"ಮೆಷೀನ್ ನೋಡ್ತು, ಸರಿ. ನೀನ್ ನೋಡಿದ್ಯಾ?"

ಕೆಳಗೆ ಬಂದು ಡ್ರಾಯರ್ ತೆಗೆದೆ. ಸೀರಂ, ಸಲೈನ್, ಕಿಟ್, ಗಾಜು, ರಫ್ ಬುಕ್ ಎಲ್ಲವನ್ನೂ ಟ್ರೇನಲ್ಲಿ ಇಟ್ಟುಕೊಂಡು ಮೇಲೆ ಹೋದೆ. ವಾರ್ಡಿಗೆ ಇವನ್ನೆಲ್ಲ ಒಯ್ಯುವುದು ದೊಡ್ಡ ತಪ್ಪು. ನೀವು ಮಾಡಬೇಡಿ. ಅವರ ಕೈಗೆ ಗ್ಲೌಸ್ ಹಾಕಿದೆ. ಬಲ ಮುಂಗೈಗೆ ಪಟ್ಟಿ ಕಟ್ಟಿದ್ದರಿಂದ ಎಡಗೈಯಲ್ಲಿ ಗಾಜು ಹಿಡಿದರು. ತಡೆಯಲಿಲ್ಲ, ಓಲಾಡಿತು. ನಾನು ಕೆಳಗಿನಿಂದ ಕೈ ಕೊಟ್ಟೆ. ಮಂಚದ ಮೇಲಿನ ದೀಪದ ಕೆಳಗೆ ಇಬ್ಬರೂ ಸೇರಿ ಎರಡು ನಿಮಿಷ ತೂಗಿದೆವು. ಎರಡು ನಿಮಿಷ ಅಷ್ಟು ಬೇಗ ಮುಗಿದುಹೋಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಸಣ್ಣಗೆ ಗಂಟು ಕಟ್ಟಿತು. ನೀರು ಹಾಕಿ ನೋಡಿದೆವು, ನಾಲ್ಕು ಪಟ್ಟಿಗೆ ನಿಂತಿತು.

"ಬೇರಿಂಗ್ ಬಿಸಿ" ಎಂದು ಅವರು ನಕ್ಕರು. ನಾನು ಬರೆದೆ. ಪೆನ್ಸಿಲ್ ಕೇಳಿ ಇಸಿದುಕೊಂಡು, ತಮ್ಮದೇ ರಕ್ತದ ಸಾಲಿನ ಪಕ್ಕ ಎಡಗೈಯಲ್ಲಿ ಚುಕ್ಕೆ ಇಟ್ಟರು. ಸ್ವಲ್ಪ ಸೊಟ್ಟಗೆ ಬಂತು. ತಿಂಗಳ ಮೇಲೆ ಬಂದು ಕೊಟ್ಟ ರಕ್ತ ಚೆನ್ನಾಗಿತ್ತು. ಎರಡು ವರ್ಷ ಆರೋಗ್ಯವಾಗಿಯೇ ಇದ್ದು, ಬೇರೆ ಯಾವುದೋ ಕಾಯಿಲೆಯಲ್ಲಿ ತೀರಿಕೊಂಡರು.

ನಾನು ನಿವೃತ್ತಳಾದ ದಿನ ಹಾರ, ಶಾಲು, ಕೇಕು ಎಲ್ಲ ಆದ ಮೇಲೆ ಲ್ಯಾಬಿಗೆ ಹೋಗಿ ನನ್ನದೇ ರಕ್ತ ತೆಗೆಸಿಕೊಂಡೆ. ಕಿಟ್ಟಿನ ತಳದಲ್ಲಿ ಉಳಿದಿದ್ದ ಹನಿಗಳನ್ನು ಕಪ್ಪು ಗಾಜಿನ ಮೇಲೆ ಹಾಕಿ ತೂಗಿದೆ. ನಯವಾಗಿತ್ತು. ನೀರು ಹಾಕಿ ನೋಡಿದೆ, ಆಗಲೂ ನಯವಾಗಿತ್ತು. ರಫ್ ಬುಕ್ಕಿನಲ್ಲಿ ಬರೆದೆ.

ಆ ಬುಕ್ಕು ಈಗ ನನ್ನ ಮನೆಯಲ್ಲಿದೆ, ಒಳಗೆ ಅವರ ಪೆನ್ಸಿಲೂ ಇದೆ. ಎಷ್ಟೋ ಮಧ್ಯಾಹ್ನ ಊಟಕ್ಕೆ ಮುಂಚೆ ಕೊನೆಯ ಸಾಲು ತೆರೆದು ಪೆನ್ಸಿಲ್ ಹಿಡಿದು ಕೂತುಬಿಡುತ್ತೇನೆ. ಇಡುವುದಿಲ್ಲ. ಬರೆದವರೇ ಚುಕ್ಕೆ ಇಡುವಂತಿಲ್ಲವಲ್ಲ. ಒಂದು ಸಲ ಬಂದು ನೋಡಿ ಹೋಗಿ ಸಾರ್. ಮುಖ ಊದಿಸಿಕೊಳ್ಳುವುದಿಲ್ಲ.